ತಲೆಗೆ ಕೆಂಪು ಲೈಟ್ ಬಿಟ್ರೆ ಕೂದಲು ಬರುತ್ತಾ? ದುಡ್ಡು ಕಟ್ಟೋ ಮುಂಚೆ ಜರಗನಹಳ್ಳಿ ಜನ ನೋಡಬೇಕಾದ ಲೆಕ್ಕ

ಜರಗನಹಳ್ಳಿ: ಹೆಲ್ಮೆಟ್ ಥರದ ಒಂದು ಟೋಪಿ. ಒಳಗಡೆ ಸಾಲಾಗಿ ಕೆಂಪು ದೀಪಗಳು. ತಲೆಗೆ ಹಾಕ್ಕೊಂಡು ಕಾಲು ಗಂಟೆ ಕೂತರೆ ಸಾಕು, ಬೋಳಾಗಿದ್ದ ಜಾಗದಲ್ಲಿ ಕೂದಲು ಬರುತ್ತೆ ಅಂತ ಜಾಹೀರಾತು. ಮೊಬೈಲ್‌ನಲ್ಲಿ ಒಂದು ಸಲ ‘ಕೂದಲು ಉದುರುವುದು’ ಅಂತ ಹುಡುಕಿದರೆ ಮುಗೀತು, ಆಮೇಲೆ ತಿಂಗಳುಗಟ್ಟಲೆ ಅದೇ ಟೋಪಿ ಹಿಂದೆ ಬೀಳುತ್ತೆ. ಜೆ.ಪಿ. ನಗರ, ಜಯನಗರದ ಕಡೆ ಹೇರ್ ಕ್ಲಿನಿಕ್ ಬೋರ್ಡ್‌ಗಳಿಗೂ ಬರ ಇಲ್ಲ. ‘ಲೇಸರ್’, ‘ಲೈಟ್ ಥೆರಪಿ’, ‘ಎಲ್‌ಎಲ್‌ಎಲ್‌ಟಿ’ ಅಂತ ಬೇರೆ ಬೇರೆ ಹೆಸರು. ಆನ್‌ಲೈನ್‌ನಲ್ಲಿ ಬಾಚಣಿಗೆ ಥರದ್ದು ಸಾವಿರ ಚಿಲ್ಲರೆಗೂ ಸಿಗುತ್ತೆ, ಹೊರದೇಶದ ಟೋಪಿ ಲಕ್ಷ ದಾಟುವುದೂ ಇದೆ.

ಇದು ಪೂರ್ತಿ ಬೋಗಸ್ಸಾ ಅಂದ್ರೆ ಅಲ್ಲ. ಕೆಂಪು ಬೆಳಕಿನಿಂದ ಕೂದಲು ಸ್ವಲ್ಪ ದಟ್ಟವಾಗುತ್ತೆ ಅನ್ನುವುದಕ್ಕೆ ಸರಿಯಾಗಿ ನಡೆದ ಪರೀಕ್ಷೆಗಳಿವೆ. ಆದರೆ ಆ ‘ಸ್ವಲ್ಪ’ ಎಷ್ಟು, ಯಾರಿಗೆ, ಎಷ್ಟು ದಿನಕ್ಕೆ ಅನ್ನುವುದನ್ನು ಜಾಹೀರಾತು ಹೇಳಲ್ಲ. ದುಡ್ಡು ಹೋಗುವುದು ಅಲ್ಲೇ.

ಮೊದಲು ಕೂದಲು ಯಾಕೆ ಹೋಗುತ್ತೆ

ನಮ್ಮ ಕಡೆ ಮೊದಲ ಆಪಾದನೆ ಬೋರ್‌ವೆಲ್ ನೀರಿನ ಮೇಲೆ. ಊರಿನಿಂದ ಬಂದು ಇಲ್ಲಿ ಬಾಡಿಗೆ ಮನೆ ಮಾಡಿದ ಹುಡುಗರೆಲ್ಲ ‘ಬೆಂಗಳೂರು ನೀರು ಬಿತ್ತು, ಕೂದಲು ಹೋಯ್ತು’ ಅಂತಲೇ ಹೇಳುವುದು. ಗಡಸು ನೀರಿನಿಂದ ಕೂದಲು ಒರಟಾಗುತ್ತೆ, ಸಿಕ್ಕಾಗುತ್ತೆ, ಬಾಚುವಾಗ ಮಧ್ಯದಲ್ಲೇ ತುಂಡಾಗಬಹುದು, ಅದು ನಿಜ. ಆದರೆ ಹಣೆಯ ಎರಡೂ ಮೂಲೆ ಹಿಂದೆ ಸರಿಯುವುದು, ನೆತ್ತಿಯಲ್ಲಿ ತಟ್ಟೆಯಂತೆ ಖಾಲಿಯಾಗುವುದು ನೀರಿನ ಕೆಲಸ ಅಲ್ಲ. ನೀರೇ ಕಾರಣ ಆಗಿದ್ದರೆ ಕಿವಿಯ ಪಕ್ಕ, ಹಿಂದಲೆಯ ಕೂದಲೂ ಹೋಗಬೇಕಿತ್ತು. ಆ ನೀರು ತಲೆಯ ಎಲ್ಲ ಕಡೆಗೂ ಬೀಳುತ್ತಲ್ಲ? ಹೆಲ್ಮೆಟ್ ವಿಷಯವೂ ಅಷ್ಟೇ. ದಿನವಿಡೀ ಗಾಡಿ ಓಡಿಸುವ ಡೆಲಿವರಿ ಹುಡುಗರು ಕೂದಲು ಹೋಗುತ್ತೆ ಅಂತ ಹೆಲ್ಮೆಟ್ ತೆಗೆದು ಕೈಗೆ ಸಿಕ್ಕಿಸಿಕೊಂಡು ಹೋಗುವುದರಿಂದ ಕೂದಲು ಉಳಿಯಲ್ಲ, ತಲೆ ಹೋಗಬಹುದು.

ಗಂಡಸರ ಬೊಕ್ಕತಲೆಗೆ ಮುಖ್ಯ ಕಾರಣ ಎರಡು: ವಂಶದಿಂದ ಬಂದ ಗುಣ ಮತ್ತು ಗಂಡಸರ ಹಾರ್ಮೋನ್. ಟೆಸ್ಟೋಸ್ಟೆರಾನ್ ಅನ್ನುವ ಹಾರ್ಮೋನ್ ಮೈಯೊಳಗೆ ಡಿಎಚ್‌ಟಿ ಅನ್ನುವ ಇನ್ನೊಂದು ರೂಪಕ್ಕೆ ಬದಲಾಗುತ್ತೆ. ಕೆಲವರ ಹಣೆಯ ಮೇಲಿನ ಮತ್ತು ನೆತ್ತಿಯ ಕೂದಲಿನ ಬುಡಗಳಿಗೆ ಈ ಡಿಎಚ್‌ಟಿ ಆಗಿಬರಲ್ಲ. ಹಾಗಂತ ಬುಡ ಒಂದೇ ದಿನಕ್ಕೆ ಸಾಯುವುದಿಲ್ಲ, ವರ್ಷದಿಂದ ವರ್ಷಕ್ಕೆ ಕುಗ್ಗುತ್ತಾ ಹೋಗುತ್ತೆ. ಸಾಮಾನ್ಯವಾಗಿ ಒಂದು ಕೂದಲು 2ರಿಂದ 6 ವರ್ಷ ಬೆಳೆದು, ಸುಮಾರು 3 ತಿಂಗಳು ಸುಮ್ಮನಿದ್ದು, ಉದುರಿ, ಅದೇ ಬುಡದಿಂದ ಹೊಸದು ಹುಟ್ಟುತ್ತೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಇದ್ದದ್ದೇ. ಬುಡ ಕುಗ್ಗಿದಾಗ ಬೆಳೆಯುವ ಅವಧಿ ಕಡಿಮೆಯಾಗುತ್ತೆ, ಬರುವ ಕೂದಲು ಪ್ರತಿ ಸಲವೂ ಹಿಂದಿನದಕ್ಕಿಂತ ಸಣ್ಣ. ಕೊನೆಗೆ ಕಂಡೂ ಕಾಣದ ರೋಮ ಆಗುತ್ತೆ. ತಲೆ ನುಣ್ಣಗೆ ಹೊಳೆಯೋ ಹೊತ್ತಿಗೆ ಕೆಲಸ ಮುಗಿದಿರುತ್ತೆ.

ಹಾರ್ಮೋನಿನ ಈ ಪಾತ್ರವನ್ನು ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1940ರ ದಶಕದಲ್ಲೇ ತೋರಿಸಿದ್ದರು. ವಯಸ್ಸಿಗೆ ಬರುವ ಮುಂಚೆ ವೃಷಣ ಕಳೆದುಕೊಂಡ ಗಂಡಸರಿಗೆ ಬೊಕ್ಕತಲೆ ಬರುತ್ತಿರಲಿಲ್ಲ, ಟೆಸ್ಟೋಸ್ಟೆರಾನ್ ಕೊಟ್ಟಾಗ ಅವರಲ್ಲಿ ಮನೆತನದ ಗುಣ ಇದ್ದವರಿಗೆ ಬರುತ್ತಿತ್ತು. ಬೊಕ್ಕತಲೆಯ ಹಂತಗಳನ್ನು 1ರಿಂದ 7ರವರೆಗೆ ಗುರುತಿಸುವ ಪಟ್ಟಿಯೂ ಅವರಿಂದಲೇ ಶುರು. 1975ರಲ್ಲಿ ಓ’ಟಾರ್ ನಾರ್ವುಡ್ ಅದನ್ನು ತಿದ್ದಿದರು. ಇವತ್ತು ಡಾಕ್ಟರ್ ‘ನಾರ್ವುಡ್ 3’ ಅಂತ ಚೀಟಿಯಲ್ಲಿ ಬರೆಯುವುದು ಇದನ್ನೇ. ಈ ನಂಬರ್ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಇಲಿ ಮೈಯಲ್ಲಿ ಬೆಳೆದ ಕೂದಲು

ಬೆಳಕಿಗೂ ಕೂದಲಿಗೂ ನಂಟು ಇದೆ ಅಂತ ಗೊತ್ತಾಗಿದ್ದು ಬೇರೇನೋ ಹುಡುಕಲು ಹೋಗಿ. 1960ರಲ್ಲಿ ಲೇಸರ್ ಕಂಡುಹಿಡಿದಾಗ ಅದರಿಂದ ಕ್ಯಾನ್ಸರ್ ಬರಬಹುದಾ ಅನ್ನುವ ಭಯ ಇತ್ತು. ಹಂಗೇರಿ ದೇಶದ ಬುಡಾಪೆಸ್ಟ್‌ನಲ್ಲಿ ಎಂಡ್ರೆ ಮೆಸ್ಟರ್ ಅನ್ನುವ ಡಾಕ್ಟರ್ 1967ರಲ್ಲಿ ಇಲಿಗಳ ಬೆನ್ನಿನ ಕೂದಲು ಬೋಳಿಸಿ, ಕಡಿಮೆ ಶಕ್ತಿಯ ಕೆಂಪು ಲೇಸರ್ ಬಿಟ್ಟು ನೋಡಿದರು. ಕ್ಯಾನ್ಸರ್ ಬರಲಿಲ್ಲ. ಲೇಸರ್ ಬಿದ್ದ ಇಲಿಗಳ ಬೆನ್ನಲ್ಲಿ ಕೂದಲು ಬೇರೆ ಇಲಿಗಳಿಗಿಂತ ಬೇಗ ಬೆಳೆಯಿತು. ಇವತ್ತಿನ ಟೋಪಿ, ಬಾಚಣಿಗೆ, ಹೆಡ್‌ಬ್ಯಾಂಡ್ ಎಲ್ಲದರ ಮೂಲ ಅದೇ.

ಬೆಳಕು ಔಷಧಿ ಆಗುವುದು ಹೊಸ ವಿಷಯವಂತೂ ಅಲ್ಲ. ಕಾಮಾಲೆ ಬಂದ ಹಸುಗೂಸನ್ನು ಆಸ್ಪತ್ರೆಯಲ್ಲಿ ನೀಲಿ ಲೈಟ್ ಕೆಳಗೆ ಮಲಗಿಸುವುದನ್ನು ಬಹಳಷ್ಟು ಮನೆಯವರು ನೋಡಿರುತ್ತಾರೆ. ತೊನ್ನಿಗೆ ನೇರಳಾತೀತ ಬೆಳಕಿನ ಚಿಕಿತ್ಸೆ ಕೊಡುತ್ತಾರೆ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕಂಡುಹಿಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್‌ಗೆ 1903ರಲ್ಲೇ ನೊಬೆಲ್ ಬಂದಿತ್ತು. ಆದರೆ ಒಂದೊಂದು ಕಾಯಿಲೆಗೆ ಒಂದೊಂದು ಬಣ್ಣದ, ಒಂದೊಂದು ಅಳತೆಯ ಬೆಳಕು. ಕೂದಲಿಗೆ ಬಳಸುವುದು ಕೆಂಪು, ಹೆಚ್ಚುಕಡಿಮೆ 630ರಿಂದ 670 ನ್ಯಾನೊಮೀಟರ್ ಅಲೆಯದ್ದು. ಹೆಚ್ಚು ಪರೀಕ್ಷೆ ಆಗಿರುವ ಬಾಚಣಿಗೆಯ ಬೆಳಕು 655 ನ್ಯಾನೊಮೀಟರ್.

ಈ ಬೆಳಕು ಚರ್ಮದ ಕೆಳಗೆ ಕೆಲವು ಮಿಲಿಮೀಟರ್ ಇಳಿಯುತ್ತೆ. ಅಲ್ಲಿ ಜೀವಕೋಶಗಳಿಗೆ ಶಕ್ತಿ ತಯಾರಿಸಿಕೊಡುವ ಭಾಗದಲ್ಲಿರುವ ಒಂದು ಕಿಣ್ವ ಬೆಳಕನ್ನು ಹೀರಿಕೊಂಡು ಚುರುಕಾಗುತ್ತೆ, ಅದರಿಂದ ಮಲಗಿರುವ ಬುಡ ಬೆಳೆಯುವ ಹಂತಕ್ಕೆ ಬೇಗ ಬರುತ್ತೆ ಅಂತ ವಿಜ್ಞಾನಿಗಳ ವಿವರಣೆ. ಪೂರ್ತಿ ಇತ್ಯರ್ಥ ಆದ ವಿಷಯ ಅಲ್ಲ, ಸದ್ಯಕ್ಕೆ ಹೆಚ್ಚಿನವರು ಒಪ್ಪುವ ಮಾತು. ಇಲ್ಲಿ ಗಮನಿಸಬೇಕಾದ್ದು, ಈ ಬೆಳಕು ಡಿಎಚ್‌ಟಿಯನ್ನು ತಡೆಯುವ ಚಿಕಿತ್ಸೆ ಅಲ್ಲ. ಬುಡವನ್ನು ಕುಗ್ಗಿಸುತ್ತಿರುವ ಕಾರಣ ಹಾಗೇ ಇರುತ್ತೆ. ಬೆಳಕು ನಿಲ್ಲಿಸಿದರೆ ಬಂದ ಲಾಭ ಕೆಲವು ತಿಂಗಳಲ್ಲಿ ವಾಪಸ್ ಹೋಗುತ್ತೆ.

‘ಲೇಸರ್ ಹಾಕಿದ್ರೆ ಕೂದಲು ಹೋಗುತ್ತಲ್ವಾ, ಪಾರ್ಲರ್‌ನಲ್ಲಿ ಅದನ್ನೇ ಅಲ್ವಾ ಮಾಡೋದು?’ ಅಂತ ಕೇಳುವವರಿದ್ದಾರೆ. ಒಳ್ಳೇ ಪ್ರಶ್ನೆ. ಕೂದಲು ತೆಗೆಯುವ ಲೇಸರ್ ಬಹಳ ಜೋರು, ಒಂದೇ ಏಟಿಗೆ ಬುಡವನ್ನು ಸುಡುತ್ತೆ. ಕೂದಲು ಬೆಳೆಸಲು ಬಳಸುವುದು ಮೀಟಿಂಗ್‌ನಲ್ಲಿ ಗೋಡೆಗೆ ಬಿಡುವ ಲೇಸರ್ ಪಾಯಿಂಟರ್ ಮಟ್ಟದ್ದು, ಮುಟ್ಟಿದರೆ ಬಿಸಿ ಕೂಡ ಆಗಲ್ಲ. ತಮಾಷೆ ಅಂದ್ರೆ, ಕೂದಲು ತೆಗೆಸಲು ಹೋದ ಕೆಲವರಿಗೆ ಲೇಸರ್ ಬಿದ್ದ ಜಾಗದ ಅಕ್ಕಪಕ್ಕ ಕೂದಲು ಜಾಸ್ತಿಯಾಗಿದ್ದನ್ನೂ ಡಾಕ್ಟರ್‌ಗಳು ದಾಖಲಿಸಿದ್ದಾರೆ.

78 ಸಿಟ್ಟಿಂಗ್, ಉಗುರಿನಗಲಕ್ಕೆ 20 ಕೂದಲು

ಈಗ ಲೆಕ್ಕಕ್ಕೆ ಬರೋಣ. ಅಮೆರಿಕದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 128 ಗಂಡಸರು, 141 ಹೆಂಗಸರು ಇದ್ದರು. ಒಂದಷ್ಟು ಜನಕ್ಕೆ ನಿಜವಾದ ಲೇಸರ್ ಬಾಚಣಿಗೆ, ಇನ್ನೊಂದಷ್ಟು ಜನಕ್ಕೆ ನೋಡಲು ಹಾಗೇ ಇರುವ, ಆದರೆ ಲೇಸರ್ ಇಲ್ಲದ ಸುಳ್ಳು ಬಾಚಣಿಗೆ. ವಾರಕ್ಕೆ ಮೂರು ಸಲ, 26 ವಾರ. ಕೊನೆಗೆ ಎಣಿಸಿದಾಗ ನಿಜವಾದ ಬಾಚಣಿಗೆ ಹಿಡಿದ ಗಂಡಸರಲ್ಲಿ ಒಂದು ಚದರ ಸೆಂಟಿಮೀಟರ್‌ಗೆ ಸರಾಸರಿ 18ರಿಂದ 26 ದಪ್ಪ ಕೂದಲು ಜಾಸ್ತಿ ಆಗಿತ್ತು. ಸುಳ್ಳು ಬಾಚಣಿಗೆಯವರಿಗೂ 2ರಿಂದ 9ರಷ್ಟು ಜಾಸ್ತಿಯಾಗಿತ್ತು! ಹಾಗಾಗಿ ಬೆಳಕಿನದ್ದೇ ಲಾಭ ಅಂತ ಹೇಳಬಹುದಾದದ್ದು ಇವೆರಡರ ನಡುವಿನ ವ್ಯತ್ಯಾಸ ಮಾತ್ರ.

ಚದರ ಸೆಂಟಿಮೀಟರ್ ಅಂದ್ರೆ ಹೆಚ್ಚುಕಡಿಮೆ ತೋರುಬೆರಳಿನ ಉಗುರಿನಷ್ಟು ಜಾಗ. ತುಂಬಿದ ತಲೆಯಲ್ಲಿ ಅಷ್ಟು ಜಾಗದಲ್ಲಿ ನೂರೈವತ್ತರ ಮೇಲೆ ಕೂದಲು ಇರುತ್ತೆ. ಅಲ್ಲಿಗೆ 15–20 ಹೆಚ್ಚಾಯಿತು ಅಂದ್ರೆ ಏನರ್ಥ? ಕೂದಲು ತೆಳ್ಳಗಾಗಲು ಶುರುವಾದವರಿಗೆ ಕನ್ನಡಿ ಮುಂದೆ ಸ್ವಲ್ಪ ಸಮಾಧಾನ. ನೆತ್ತಿ ಪೂರ್ತಿ ಖಾಲಿಯಾದವರಿಗೆ ಏನೂ ಕಾಣಲ್ಲ. ಜಾಹೀರಾತಿನ ‘ಮುಂಚೆ–ಆಮೇಲೆ’ ಫೋಟೊದಲ್ಲಿ ಕಾಣುವ ಕಾಡು ಇದಲ್ಲ.

ಇನ್ನೊಂದು ಪರೀಕ್ಷೆ 2013ರದ್ದು. 44 ಗಂಡಸರು, ಹೆಲ್ಮೆಟ್ ಮಾದರಿಯ ಯಂತ್ರ, ದಿನ ಬಿಟ್ಟು ದಿನ 25 ನಿಮಿಷದಂತೆ 16 ವಾರ. ಅಲ್ಲೂ ಸುಳ್ಳು ಹೆಲ್ಮೆಟ್‌ಗಿಂತ ನಿಜವಾದ ಹೆಲ್ಮೆಟ್‌ನಲ್ಲಿ ಕೂದಲ ಎಣಿಕೆ ಗಣನೀಯವಾಗಿ ಹೆಚ್ಚಾಗಿತ್ತು. ಇಂಥ ಎಷ್ಟೋ ಪರೀಕ್ಷೆಗಳಿಗೆ ದುಡ್ಡು ಹಾಕಿದ್ದು ಯಂತ್ರ ಮಾರುವ ಕಂಪನಿಗಳೇ. ಅದಕ್ಕೇ ಫಲಿತಾಂಶ ಸುಳ್ಳು ಅಂತಲ್ಲ, ಓದುವಾಗ ಒಂದು ಕಣ್ಣು ಇಟ್ಟಿರಬೇಕು ಅಷ್ಟೇ. ಜೊತೆಗೆ ಹೆಚ್ಚಿನವು ನಾಲ್ಕರಿಂದ ಆರು ತಿಂಗಳಿಗೆ ಮುಗಿದಿವೆ. ಐದು ವರ್ಷ, ಹತ್ತು ವರ್ಷ ಹಾಕ್ಕೊಂಡವರ ಕಥೆ ಅವುಗಳಿಂದ ತಿಳಿಯಲ್ಲ.

ಈಗ ಕ್ಲಿನಿಕ್‌ಗಳಲ್ಲಿ, ಸೆಲೂನ್‌ಗಳಲ್ಲಿ ಮಾರುವ ‘ಪ್ಯಾಕೇಜ್’ ನೋಡಿ. ವಾರಕ್ಕೆ ಮೂರರಂತೆ 26 ವಾರ ಅಂದ್ರೆ 78 ಸಿಟ್ಟಿಂಗ್. ಯಾರಾದರೂ ‘8 ಸಿಟ್ಟಿಂಗ್ ಪ್ಯಾಕೇಜ್, ಆಫರ್ ಇದೆ’ ಅಂದರೆ ಅದು ಪರೀಕ್ಷೆಯಲ್ಲಿ ಕೊಟ್ಟಿದ್ದರ ಹತ್ತನೇ ಒಂದು ಭಾಗ. ಒಂದು ಸಿಟ್ಟಿಂಗ್‌ಗೆ 500 ರೂಪಾಯಿ ಅಂತ ಇಟ್ಟುಕೊಂಡರೆ 8ಕ್ಕೆ 4,000 ಆಗುತ್ತೆ, ಕೈಗೆಟುಕುವ ಹಾಗೆ ಕಾಣುತ್ತೆ. ಪರೀಕ್ಷೆಯಲ್ಲಿ ಮಾಡಿದ ಹಾಗೇ ಮಾಡಿಸಿಕೊಳ್ಳಬೇಕು ಅಂದ್ರೆ 39,000. ಅದೂ ಮೊದಲ ಆರು ತಿಂಗಳಿಗೆ. ನಿಲ್ಲಿಸಿದರೆ ವಾಪಸ್ ಹೋಗುವುದರಿಂದ ಆಮೇಲೂ ಮುಂದುವರಿಸಬೇಕು. ಅಂಗಡಿ ಬಾಗಿಲು ಬೆಳಗ್ಗೆ ತೆಗೆದು ರಾತ್ರಿ ಹಾಕುವವರು ವಾರಕ್ಕೆ ಮೂರು ದಿನ ಕ್ಲಿನಿಕ್‌ಗೆ ಹೋಗಿ ಕೂರುವುದು ಆಗುವ ಮಾತಾ? ಬೆಳಕಿನ ಚಿಕಿತ್ಸೆ ಮಾಡುವುದಾದರೆ ಮನೆಯಲ್ಲೇ ಇಟ್ಟುಕೊಳ್ಳುವ ಯಂತ್ರದಲ್ಲಿ ಮಾತ್ರ ಲೆಕ್ಕ ಹೊಂದುತ್ತೆ. ಆ ಯಂತ್ರವೂ ಮೂರನೇ ವಾರಕ್ಕೆ ಬೀರು ಮೇಲೆ ಹೋಗಿ ಕೂತರೆ, ವಾಕಿಂಗ್ ಮೆಷಿನ್ ಮೇಲೆ ಬಟ್ಟೆ ಒಣಗಿಸಿದ ಹಾಗೆ.

ಜಾಸ್ತಿ ಹೊತ್ತು ಹಾಕ್ಕೊಂಡರೆ ಬೇಗ ಬರುತ್ತೆ ಅನ್ನುವುದೂ ತಪ್ಪು. ಈ ಬೆಳಕಿಗೆ ಒಂದು ಹದ ಇದೆ. ಅದು ಮೀರಿದರೆ ಪರಿಣಾಮ ಹೆಚ್ಚುವ ಬದಲು ಕಮ್ಮಿಯಾಗುತ್ತೆ ಅಂತ ಪ್ರಯೋಗಾಲಯದ ಅಧ್ಯಯನಗಳು ಹೇಳುತ್ತವೆ. ಹಾಗೇ ‘ಬಿಸಿಲಲ್ಲೂ ಕೆಂಪು ಬೆಳಕು ಇದೆಯಲ್ಲ, ಟೆರೇಸ್ ಮೇಲೆ ನಿಂತರೆ ಸಾಕಲ್ವಾ’ ಅಂದ್ರೆ, ಬಿಸಿಲಿನಲ್ಲಿ ನೇರಳಾತೀತ ಕಿರಣವೂ ಇದೆ. ಕೂದಲಿಲ್ಲದ ನೆತ್ತಿಗೆ ಅದು ಕೆಟ್ಟದ್ದು. ಬೋಳಾದವರು ಬಿಸಿಲಲ್ಲಿ ಟೋಪಿ ಹಾಕುವುದೇ ಸರಿ, ಲೈಟ್ ಇಲ್ಲದ ಟೋಪಿ.

ನಮ್ಮ ಮೈಬಣ್ಣದ ವಿಷಯ

ಮಾರುವವರು ಬಾಯಿ ಬಿಡದ ಒಂದು ವಿಷಯ ಇಲ್ಲಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರ ಜನವರಿಯಲ್ಲಿ ಗಂಡಸರಿಗೆ ಲೇಸರ್ ಬಾಚಣಿಗೆ ಮಾರಲು ಒಪ್ಪಿಗೆ ಕೊಟ್ಟಿತು, 2011ರಲ್ಲಿ ಹೆಂಗಸರಿಗೆ. ಗಂಡಸರದ್ದಕ್ಕೆ ಎರಡು ಷರತ್ತು. ಬೊಕ್ಕತಲೆ ನಾರ್ವುಡ್ ಪಟ್ಟಿಯಲ್ಲಿ 2ಎಯಿಂದ 5ರೊಳಗೆ ಇರಬೇಕು. ಚರ್ಮದ ಬಣ್ಣ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯಲ್ಲಿ 1ರಿಂದ 4ರೊಳಗೆ ಇರಬೇಕು.

ಫಿಟ್ಸ್‌ಪ್ಯಾಟ್ರಿಕ್ ಪಟ್ಟಿ ಅಂದ್ರೆ ಚರ್ಮವನ್ನು ಆರು ಬಗೆ ಮಾಡಿ ಗುರುತಿಸುವ ಕ್ರಮ. 1 ಅಂದ್ರೆ ಬಿಸಿಲಿಗೆ ಹೋದರೆ ಕೆಂಪಗೆ ಸುಟ್ಟುಹೋಗುವ ಬಿಳಿ ಚರ್ಮ, 6 ಅಂದ್ರೆ ಕಡುಕಪ್ಪು. ನಮ್ಮ ಕಡೆಯ ಜನ ಹೆಚ್ಚಾಗಿ ಬರುವುದು 4 ಮತ್ತು 5ರಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರಿಕೊಳ್ಳುತ್ತೆ. ಮೈಬಣ್ಣ ಗಾಢವಾದಷ್ಟೂ ಕೂದಲಿನ ಬುಡಕ್ಕೆ ತಲುಪುವ ಬೆಳಕು ಕಡಿಮೆ ಆಗಬಹುದು. ಕಪ್ಪಗಿರುವವರಿಗೆ ಇದು ಕೆಲಸ ಮಾಡಲ್ಲ ಅಂತ ಇದರಿಂದ ತೀರ್ಮಾನ ಮಾಡಬಾರದು. ಆದರೆ ಆ ಒಪ್ಪಿಗೆ ಯಾರ ಮೇಲೆ ಪರೀಕ್ಷೆ ಮಾಡಿ ಸಿಕ್ಕಿತೋ ಅವರೆಲ್ಲ ನಮ್ಮ ಥರದವರಲ್ಲ. ‘ಎಫ್‌ಡಿಎ ಒಪ್ಪಿದೆ’ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆಯುವವರು ಈ ಸಾಲನ್ನೂ ಕೆಳಗೆ ಸಣ್ಣದಾಗಿಯಾದರೂ ಬರೆಯಬಹುದಿತ್ತು.

ಆ ‘ಒಪ್ಪಿಗೆ’ ಪದದಲ್ಲೂ ಒಂದು ಸೂಕ್ಷ್ಮ ಇದೆ. ಮಾತ್ರೆಗೆ ಕೊಡುವುದು ‘ಅಪ್ರೂವಲ್’. ಅದಕ್ಕೆ ಪರಿಣಾಮ, ಅಪಾಯ ಎರಡನ್ನೂ ದೊಡ್ಡ ಪರೀಕ್ಷೆ ಮಾಡಿ ತೋರಿಸಬೇಕು. ಈ ಯಂತ್ರಗಳಿಗೆ ಸಿಗುವುದು ‘ಕ್ಲಿಯರೆನ್ಸ್’. ಈಗಾಗಲೇ ಮಾರುಕಟ್ಟೆಯಲ್ಲಿರುವ ಇನ್ನೊಂದು ಯಂತ್ರಕ್ಕೆ ಇದು ಸಮ ಅಂತ ತೋರಿಸಿದರೆ ಸಾಕಾಗುತ್ತೆ. ಮೊದಲ ಬಾಚಣಿಗೆ ಪಾಸಾದ ಮೇಲೆ ಅದರ ಬೆನ್ನಿಗೆ ಸಾಲು ಸಾಲಾಗಿ ಟೋಪಿಗಳು ಬಂದಿದ್ದು ಹೀಗೆ.

ಔಷಧಿ ಜೊತೆ ಹೋಲಿಸಿದರೆ

ಗಂಡಸರ ಬೊಕ್ಕತಲೆಗೆ ಎಫ್‌ಡಿಎ ಅಪ್ರೂವಲ್ ಇರುವ ಔಷಧಿ ಎರಡೇ. ಒಂದು ತಲೆಗೆ ಹಚ್ಚುವ ಮಿನಾಕ್ಸಿಡಿಲ್. ಮೊದಲು ಇದು ಬಿಪಿ ಮಾತ್ರೆ. ನುಂಗಿದವರಿಗೆ ಮೈಮೇಲೆಲ್ಲ ಕೂದಲು ಬಂತು ಅಂತ ಹಚ್ಚುವ ದ್ರವ ಮಾಡಿದರು, 1988ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇನ್ನೊಂದು ಫಿನಾಸ್ಟೆರೈಡ್ 1 ಮಿಲಿಗ್ರಾಂ ಮಾತ್ರೆ, 1997ರದ್ದು. ಇದು ಡಿಎಚ್‌ಟಿ ತಯಾರಾಗುವುದನ್ನೇ ತಡೆಯುತ್ತೆ. ಎರಡೂ ನಮ್ಮಲ್ಲಿ ಮೆಡಿಕಲ್ ಸ್ಟೋರ್‌ಗಳಲ್ಲಿ ಸಿಗುತ್ತವೆ, ತಿಂಗಳಿಗೆ ಸಾವಿರದ ಒಳಗೆ ಮುಗಿಯುತ್ತೆ.

ತೊಂದರೆಯೇ ಇಲ್ಲ ಅಂತಲ್ಲ. ಮಿನಾಕ್ಸಿಡಿಲ್ ಶುರು ಮಾಡಿದ ಮೊದಲ ವಾರಗಳಲ್ಲಿ ಉದುರುವುದು ಜಾಸ್ತಿಯಾಗುತ್ತೆ, ಹೆದರಿ ಬಿಡುವವರೇ ಹೆಚ್ಚು. ಕೆಲವರಿಗೆ ತುರಿಕೆ. ಮನೆಯಲ್ಲಿ ಬೆಕ್ಕು ಸಾಕಿದ್ದರೆ ಹುಷಾರ್, ಬೆಕ್ಕಿಗೆ ಇದು ವಿಷ. ಫಿನಾಸ್ಟೆರೈಡ್‌ನಿಂದ ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುವುದು, ಮನಸ್ಸು ಕುಗ್ಗುವುದು ಆಗುತ್ತೆ. ಗರ್ಭಿಣಿಯರು ಒಡೆದ ಮಾತ್ರೆ ಮುಟ್ಟಲೂ ಬಾರದು. ಡಾಕ್ಟರ್ ಚೀಟಿ ಇಲ್ಲದೆ ಮೆಡಿಕಲ್‌ನವರು ಕೊಡಬಾರದ ಮಾತ್ರೆ ಇದು, ಕೇಳುವವರೂ ‘ಅಣ್ಣಾ, ಒಂದು ಸ್ಟ್ರಿಪ್ ಕೊಡಿ’ ಅಂತ ಕೈಚಾಚಬಾರದು.

ಕೆಂಪು ಬೆಳಕಿನ ಪರವಾಗಿ ಹೇಳಬಹುದಾದ ಮುಖ್ಯ ಮಾತು ಇಲ್ಲೇ ಇದೆ. ಇಷ್ಟು ವರ್ಷದ ಪರೀಕ್ಷೆಗಳಲ್ಲಿ ಅದರಿಂದ ದೊಡ್ಡ ಅಪಾಯ ಕಂಡುಬಂದಿಲ್ಲ. ತಲೆ ಚರ್ಮ ಒಣಗುವುದು, ಸ್ವಲ್ಪ ಕೆರೆತ, ಕೆಲವರಿಗೆ ತಲೆನೋವು ಅಷ್ಟೇ. ಮಾತ್ರೆ ಆಗದವರು, ಮಾತ್ರೆಗೆ ಹೆದರುವವರು ಡಾಕ್ಟರ್ ಹತ್ತಿರ ಮಾತಾಡಿ ಇದನ್ನು ನೋಡಬಹುದು. ಮಿನಾಕ್ಸಿಡಿಲ್ ಜೊತೆಗೆ ಸೇರಿಸಿ ಬಳಸಿದಾಗ ಬರೀ ಮಿನಾಕ್ಸಿಡಿಲ್‌ಗಿಂತ ಫಲ ಚೆನ್ನಾಗಿತ್ತು ಅಂತಲೂ ಕೆಲವು ಪರೀಕ್ಷೆಗಳು ತೋರಿಸಿವೆ. ಬೆಳಕನ್ನು ನೇರ ಕಣ್ಣಿಗೆ ಬಿಟ್ಟುಕೊಳ್ಳಬಾರದು, ಮಕ್ಕಳ ಕೈಗೆ ಕೊಡಬಾರದು. ಬಿಸಿಲಿಗೆ ಹೋದರೆ ಮೈ ಸುಡುವಂಥ ಮಾತ್ರೆ ತಗೊಳ್ಳುತ್ತಿರುವವರು, ತಲೆಯಲ್ಲಿ ಮಚ್ಚೆ, ಗಂಟು, ವಾಸಿಯಾಗದ ಗಾಯ ಇರುವವರು ಕೇಳದೆ ಹಾಕ್ಕೊಳ್ಳಬಾರದು.

ಡೆಂಗ್ಯೂ ಬಂದು ಹೋದ ಮೇಲೆ ಉದುರುವುದು ಬೇರೆ

ಉದುರುವುದೆಲ್ಲ ಬೊಕ್ಕತಲೆ ಅಲ್ಲ. ಮಳೆಗಾಲದಲ್ಲಿ ಡೆಂಗ್ಯೂ, ಟೈಫಾಯ್ಡ್ ಬಂದು ಮಲಗಿ ಎದ್ದವರಿಗೆ ಎರಡು ಮೂರು ತಿಂಗಳ ಮೇಲೆ ಗೊಂಚಲು ಗೊಂಚಲಾಗಿ ಕೂದಲು ಹೋಗುತ್ತೆ. ಕೋವಿಡ್ ಆದ ಮೇಲೂ ಬಹಳ ಜನಕ್ಕೆ ಹೀಗೇ ಆಯಿತು. ಜ್ವರದ ಹೊಡೆತಕ್ಕೆ ತುಂಬಾ ಬುಡಗಳು ಒಟ್ಟಿಗೆ ಮಲಗಿಬಿಡುತ್ತವೆ, ಆಮೇಲೆ ಒಟ್ಟಿಗೆ ಉದುರುತ್ತವೆ. ಆರು ತಿಂಗಳು, ಒಂಬತ್ತು ತಿಂಗಳಲ್ಲಿ ತನ್ನಷ್ಟಕ್ಕೆ ವಾಪಸ್ ಬರುತ್ತೆ. ಈ ಸಮಯದಲ್ಲಿ ಯಾರಾದರೂ ಲೈಟ್ ಟೋಪಿ ಕೊಂಡರೆ? ಆರು ತಿಂಗಳಿಗೆ ಕೂದಲು ಬಂದೇ ಬರುತ್ತೆ, ಹೆಸರು ಮಾತ್ರ ಟೋಪಿಗೆ. ಬೀದಿಬದಿ ಎಣ್ಣೆಗಳಿಗೂ ‘ನಂಗೆ ವರ್ಕ್ ಆಯ್ತು ಗುರು’ ಅನ್ನುವ ಸಾಕ್ಷಿಗಳು ಸಿಗುವುದು ಎಷ್ಟೋ ಸಲ ಹೀಗೆಯೇ.

ಥೈರಾಯ್ಡ್ ತೊಂದರೆ, ರಕ್ತಹೀನತೆ, ಒಮ್ಮೆಲೇ ಊಟ ಬಿಟ್ಟು ತೂಕ ಇಳಿಸುವುದು, ಇವುಗಳಿಂದಲೂ ಕೂದಲು ಉದುರುತ್ತೆ. ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುವ ವಿಷಯ. ದುಡ್ಡಿನಗಲ ಒಂದೇ ಕಡೆ ನುಣ್ಣಗೆ ಹೋಗುವುದನ್ನು ಜನ ‘ಹುಳ ತಿಂದಿದೆ’ ಅಂತಾರೆ. ಅಲ್ಲಿ ಹುಳ ಇರಲ್ಲ, ಮೈಯ ರೋಗನಿರೋಧಕ ಶಕ್ತಿಯೇ ಕೂದಲ ಬುಡದ ಮೇಲೆ ತಿರುಗಿಬಿದ್ದಿರುತ್ತೆ. ಅದರ ಚಿಕಿತ್ಸೆ ಬೇರೆ. ತಲೆಯಲ್ಲಿ ಹೊಟ್ಟು, ಕೀವು, ನೋವು ಇದ್ದು ಕೂದಲು ಹೋಗುತ್ತಿದ್ದರಂತೂ ಕಾಯಬಾರದು. ಕೆಲವು ಕಾಯಿಲೆಗಳು ಬುಡವನ್ನು ಸುಟ್ಟು ಕಲೆ ಮಾಡಿಬಿಡುತ್ತವೆ, ಆಮೇಲೆ ಆ ಜಾಗದಲ್ಲಿ ಕೂದಲು ಬರುವ ಮಾತೇ ಇಲ್ಲ. ಇಂಥವರು ಟೋಪಿ ಹಾಕ್ಕೊಂಡು ಆರು ತಿಂಗಳು ಕಾದರೆ ಹೋಗುವುದು ಬರೀ ದುಡ್ಡಲ್ಲ.

ಚರ್ಮರೋಗ ತಜ್ಞರನ್ನು ನೋಡಲು ದೊಡ್ಡ ಕ್ಲಿನಿಕ್ಕೇ ಆಗಬೇಕಿಲ್ಲ. ವಿಕ್ಟೋರಿಯಾ, ಬೌರಿಂಗ್ ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗ ಇದೆ, ವಿ.ವಿ. ಪುರಂನ ಕಿಮ್ಸ್ ಆಸ್ಪತ್ರೆಯಲ್ಲೂ ಇದೆ. ವಿಕ್ಟೋರಿಯಾಗೆ ಇಲ್ಲಿಂದ ಹಸಿರು ಮೆಟ್ರೊ ಹತ್ತಿದರೆ ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಇಳಿದರಾಯಿತು. ಕ್ಯೂ ಇರುತ್ತೆ, ಬೆಳಗ್ಗೆ ಬೇಗ ಹೋಗಬೇಕು.

ಸೆಲೂನ್, ಅಂಗಡಿಯವರು ಗಮನಿಸಿ

ಸಣ್ಣ ಸೆಲೂನ್ ನಡೆಸುವವರಿಗೆ ಈ ಯಂತ್ರಗಳನ್ನು ಕಂತಿನಲ್ಲಿ ಮಾರುವವರೂ ಬರುತ್ತಾರೆ. ‘ಕಟಿಂಗ್ ಜೊತೆ ಲೇಸರ್ ಅಂತ ಬೋರ್ಡ್ ಹಾಕಿ, ನಾಲ್ಕು ತಿಂಗಳಲ್ಲಿ ಹಾಕಿದ ಬಂಡವಾಳ ವಾಪಸ್’ ಅನ್ನುವ ಮಾತು. ಇಲ್ಲಿ ಕಾನೂನು ಗೊತ್ತಿರಬೇಕು. 2020ರ ಏಪ್ರಿಲ್ 1ರಿಂದ ಕಾಯಿಲೆಗೆ ಚಿಕಿತ್ಸೆ ಅಂತ ಮಾರುವ ಉಪಕರಣಗಳೆಲ್ಲ ನಮ್ಮ ದೇಶದಲ್ಲಿ ಔಷಧ ಕಾನೂನಿನ ಕೆಳಗೆ ಬಂದಿವೆ, 2017ರ ವೈದ್ಯಕೀಯ ಉಪಕರಣಗಳ ನಿಯಮ ಅವಕ್ಕೆ ಅನ್ವಯ. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಎ, ಬಿಗೆ 2022ರ ಅಕ್ಟೋಬರ್‌ನಿಂದ, ಸಿ, ಡಿಗೆ 2023ರ ಅಕ್ಟೋಬರ್‌ನಿಂದ ಪರವಾನಗಿ ಪದ್ಧತಿ ಬಂದಿದೆ. ಹಾಗಾಗಿ ಡಬ್ಬಿ ತಿರುಗಿಸಿ ನೋಡಿ: ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ ಇದೆಯಾ? ಬೆಳಕಿನ ಅಲೆ ಎಷ್ಟು ನ್ಯಾನೊಮೀಟರ್, ಶಕ್ತಿ ಎಷ್ಟು, ಎಷ್ಟು ಲೇಸರ್, ಎಷ್ಟು ಎಲ್‌ಇಡಿ ಅಂತ ಬರೆದಿದೆಯಾ? ಇದ್ಯಾವುದೂ ಇಲ್ಲದ, ಬರೀ ‘ರೆಡ್ ಲೈಟ್ ಕ್ಯಾಪ್’ ಅಂತ ಇರುವ ಸಾಮಾನು ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿಗಿಂತ ಎಷ್ಟು ಬೇರೆ ಅಂತ ಕೇಳಿದರೆ ಮಾರುವವನಿಗೂ ಉತ್ತರ ಗೊತ್ತಿರಲ್ಲ.

ಎಣ್ಣೆ, ಮಾತ್ರೆ ಮಾರುವವರಿಗೆ ಇನ್ನೊಂದು ಕಟ್ಟು ಇದೆ. ಔಷಧ ನಿಯಮಗಳ ‘ಶೆಡ್ಯೂಲ್ ಜೆ’ ಅನ್ನುವ ಪಟ್ಟಿಯಲ್ಲಿರುವ ತೊಂದರೆಗಳನ್ನು ವಾಸಿ ಮಾಡುತ್ತೇವೆ ಅಂತ ಯಾವ ಔಷಧಿಯೂ ಹೇಳಿಕೊಳ್ಳುವಂತಿಲ್ಲ. ಆ ಪಟ್ಟಿಯಲ್ಲಿ ಬೊಕ್ಕತಲೆ ಇದೆ, ಹೊಸ ಕೂದಲು ಬೆಳೆಸುವುದೂ ಇದೆ. ‘ಗ್ಯಾರಂಟಿ’ ಅನ್ನುವ ಪದ ಕಂಡರೆ ಈ ಪಟ್ಟಿ ನೆನಪಾಗಲಿ.

ಚಿಕಿತ್ಸೆ ಅಂತ ಬೋರ್ಡ್ ಹಾಕುವ ಕ್ಲಿನಿಕ್‌ಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, ಅಂದ್ರೆ ಕೆಪಿಎಂಇ ಕೆಳಗೆ ನೋಂದಣಿ ಬೇಕು. ನೋಂದಣಿ ಪತ್ರ ಎದುರಿಗೇ ತೂಗುಹಾಕಿರಬೇಕು. ಕಾಣದಿದ್ದರೆ ಕೇಳಿ. ‘ಕನ್ಸಲ್ಟೆಂಟ್’ ಅಂತ ಬಿಳಿ ಕೋಟು ಹಾಕಿ ಕೂತವರು ಡಾಕ್ಟರಾ, ಸೇಲ್ಸ್‌ನವರಾ ಅಂತಲೂ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ, ದುಡ್ಡು ನಿಮ್ಮದು. ಪೂರ್ತಿ ಪ್ಯಾಕೇಜ್ ದುಡ್ಡನ್ನು ಮೊದಲೇ ಕಟ್ಟಿಸಿಕೊಳ್ಳುವುದು, ಜಾಗದಲ್ಲೇ ಸಾಲ ಮಾಡಿಸುವುದು ನಡೆದರೆ ಸಹಿ ಹಾಕುವ ಮುಂಚೆ ಕಾಗದ ಮನೆಗೆ ತಂದು ಓದಿ. ಬಿಲ್ಲು ಇಟ್ಟುಕೊಳ್ಳಿ.

ಇಷ್ಟೆಲ್ಲ ಯಾಕೆ ಅಂದ್ರೆ, ಇಲ್ಲಿ ಮಾರಾಟ ಆಗುತ್ತಿರುವುದು ಬರೀ ಬೆಳಕಲ್ಲ, ಹುಡುಗರ ಅಂಜಿಕೆ. 2017ರಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ ಸಿನಿಮಾದಲ್ಲಿ ಕನ್ನಡ ಮೇಷ್ಟ್ರು ಜನಾರ್ದನನಿಗೆ ಹೆಣ್ಣು ಸಿಗುವುದಿಲ್ಲ, ತಲೆಯಲ್ಲಿ ಕೂದಲಿಲ್ಲ ಅನ್ನುವುದೊಂದೇ ಅಡ್ಡಿ. ಜನ ನಕ್ಕರು, ಸಿನಿಮಾ ಗೆದ್ದಿತು, ಹಿಂದಿ ಮಲಯಾಳಕ್ಕೂ ಹೋಯಿತು. ಆದರೆ ಹೆಣ್ಣು ನೋಡಲು ಹೋಗುವ ವಾರ ಟೋಪಿ ತೆಗೆಯಲು ಹಿಂಜರಿಯುವ ಹುಡುಗನಿಗೆ ಅದು ನಗು ಅಲ್ಲ. ಸ್ನೇಹಿತರು ‘ಏನೋ ಬಾಂಡ್ಲಿ’ ಅಂದಾಗ ನಕ್ಕು ಸುಮ್ಮನಾಗುವವನೇ ರಾತ್ರಿ ಕೂತು ಕಂತಿನಲ್ಲಿ ಟೋಪಿ ಬುಕ್ ಮಾಡುವುದು.

ಆದರೂ ಟ್ರೈ ಮಾಡ್ತೀನಿ ಅನ್ನುವವರಿಗೆ

ಕೂದಲು ತೆಳ್ಳಗಾಗಿ ಇನ್ನೂ ಹೆಚ್ಚು ವರ್ಷ ಆಗಿಲ್ಲ, ಡಾಕ್ಟರ್ ನೋಡಿ ಇದು ಗಂಡಸರ ಬೊಕ್ಕತಲೆಯೇ ಅಂತ ಹೇಳಿದ್ದಾರೆ, ದುಡ್ಡು ಹೋದರೂ ಮನೆ ನಡೆಯುತ್ತೆ ಅನ್ನುವವರು ಹೀಗೆ ಮಾಡಬಹುದು. ಶುರು ಮಾಡುವ ದಿನ ಒಂದು ಫೋಟೊ ತೆಗೆಸಿ. ಮನೆಯ ಒಂದೇ ಜಾಗ, ಒಂದೇ ಟ್ಯೂಬ್‌ಲೈಟ್, ಒಣಗಿದ ಕೂದಲು, ಅಷ್ಟೇ ಉದ್ದದ ಕಟಿಂಗ್. ತಿಂಗಳಿಗೊಂದು ಸಲ ಹಾಗೇ ತೆಗೆಸಿ. ಒದ್ದೆ ತಲೆ ಒಂದರಲ್ಲಿ, ಬಾಚಿದ ತಲೆ ಇನ್ನೊಂದರಲ್ಲಿ ಇದ್ದರೆ ಯಾವ ಚಿಕಿತ್ಸೆ ಬೇಕಾದರೂ ಗೆಲ್ಲುತ್ತೆ, ಜಾಹೀರಾತಿನ ಫೋಟೊಗಳ ಗುಟ್ಟು ಅದೇ. ಕೂದಲು ಬೆಳೆಯುವುದೇ ತಿಂಗಳಿಗೆ ಒಂದು ಸೆಂಟಿಮೀಟರ್, ಆದ್ದರಿಂದ ಎರಡು ತಿಂಗಳಿಗೆ ಏನೂ ಗೊತ್ತಾಗಲ್ಲ. ಆರು ತಿಂಗಳು ವಾರಕ್ಕೆ ಮೂರು ಸಲ ಬಿಡದೆ ಮಾಡಿ, ಆರು ಫೋಟೊ ಪಕ್ಕಪಕ್ಕ ಇಟ್ಟು ಮನೆಯಲ್ಲಿ ಮುಲಾಜಿಲ್ಲದೆ ಮಾತಾಡುವವರಿಗೆ ತೋರಿಸಿ. ಅವರಿಗೆ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ.

ಯಂತ್ರ ಕೊಳ್ಳುವಾಗ ‘ಹಣ ವಾಪಸ್’ ಷರತ್ತು ಎಷ್ಟು ದಿನಕ್ಕೆ ಅಂತ ನೋಡಿ. 30 ದಿನ, 60 ದಿನ ಅಂತ ಇದ್ದರೆ ಅದು ಇದ್ದೂ ಇಲ್ಲದ ಹಾಗೆ. ಫಲ ಗೊತ್ತಾಗುವುದೇ ಆರು ತಿಂಗಳಿಗೆ. ಕೊಟ್ಟ ಮಾತಿನಂತೆ ನಡೆಯದಿದ್ದರೆ, ದುಡ್ಡು ಕಟ್ಟಿಸಿಕೊಂಡು ಸೇವೆ ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಕನ್ನಡದಲ್ಲೂ ಮಾತಾಡಬಹುದು. ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ವಾಟ್ಸಾಪ್‌ನಲ್ಲಿ ಅವರು ಕಳಿಸಿದ ಮೆಸೇಜ್ ಯಾವುದನ್ನೂ ಡಿಲೀಟ್ ಮಾಡಬೇಡಿ.